ಅವ್ವನ ಹಾಜರಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಮಿತಿಯವರು ಫೋನ್ ಮಾಡಿ, "ನೀವು ಹತ್ತು ನಿಮಿಷ ಮಾತಾಡಬೇಕು, 'ನನ್ನ ತಾಯಿಯ ತ್ಯಾಗ' ಅಂತ ವಿಷಯ ಇಟ್ಟಿದ್ದೀವಿ" ಅಂದರು. ಸಂತೋಷದಿಂದ ಒಪ್ಪಿಕೊಂಡೆ. ಆಮೇಲೆ ಬರೆಯಲು ಕೂತಾಗ ಕಷ್ಟಕ್ಕೆ ಬಿತ್ತು. ಏಕೆಂದರೆ ನಮ್ಮವ್ವನ ಬಾಯಲ್ಲಿ ತ್ಯಾಗ ಅನ್ನುವ ಮಾತನ್ನು ನಾನು ಒಂದು ದಿನವೂ ಕೇಳಿದ್ದಿಲ್ಲ. ಅವಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು 'ಹಾಜರಿ'. ಕಟ್ಟಡದ ಕೆಲಸ ಮಾಡುವವರಿಗೆ ಹಾಜರಿ ಅಂದರೆ ಒಂದು ದಿನದ ಕೂಲಿ. ಬೆಳಿಗ್ಗೆಯಿಂದ ಸಂಜೆವರೆಗೆ ದುಡಿದರೆ ಒಂದು ಹಾಜರಿ, ಊಟದ ಹೊತ್ತಿಗೆ ಮಳೆ ಬಂದು ಕೆಲಸ ನಿಂತರೆ ಅರ್ಧ ಹಾಜರಿ. ವಿಷಯ ಕೊಟ್ಟವರು ಬೇಸರ ಮಾಡಿಕೊಳ್ಳಬಾರದು, ನಾನು ಅವ್ವನ ಮಾತಿನಲ್ಲೇ ಅವ್ವನ ಬಗ್ಗೆ ಹೇಳುತ್ತೇನೆ.

ನಮ್ಮದು ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕು. ತಾಲ್ಲೂಕಿನ ಅಂಚಿನಲ್ಲೇ ಕೃಷ್ಣಾ ನದಿ ಹರಿಯುತ್ತದೆ. ನಮ್ಮ ಮೂರು ಎಕರೆ ಮಾತ್ರ ಮಳೆಯನ್ನೇ ನಂಬಿದ ಹೊಲ. 2001ರಿಂದ ಮೂರು ವರ್ಷ ರಾಜ್ಯದಲ್ಲೆಲ್ಲ ಬರ ಬಿದ್ದಿತ್ತಲ್ಲ, ಆ ಬರದ ಕೊನೆಯ ವರ್ಷ ನಾವು ಗುಳೆ ಬಂದೆವು. ನಮ್ಮ ಕಡೆ ಊರು ಬಿಟ್ಟು ದುಡಿಯಲು ಹೋಗುವುದಕ್ಕೆ ಗುಳೆ ಅನ್ನುತ್ತಾರೆ. ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು, ಒಂದು ಚೀಲ ಜೋಳ, ಒಂದು ಡಬ್ಬಿ ಶೇಂಗಾ ಹಿಂಡಿ, ಒಂದು ಹಂಚು ತೆಗೆದುಕೊಂಡು ಬಸ್ ಹತ್ತುವುದು. ಮೇಸ್ತ್ರಿ ಮೊದಲೇ ಮುಂಗಡ ಕೊಟ್ಟಿರುತ್ತಾನೆ. ಆ ಮುಂಗಡ ತೀರುವವರೆಗೆ ಅವನು ಹೇಳಿದ ಕಡೆ ದುಡಿಯಬೇಕು.

ಬಸ್ ಹತ್ತುವ ಮೊದಲು ಒಂದು ತೀರ್ಮಾನ ಆಗಬೇಕಿತ್ತು. ಅಜ್ಜ ಅಜ್ಜಿ ಇಬ್ಬರಿಗೂ ವಯಸ್ಸಾಗಿತ್ತು. ಅಜ್ಜನಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರನ್ನು ನೋಡಿಕೊಳ್ಳಲು ಒಬ್ಬರು ಉಳಿಯಬೇಕು. ಅಕ್ಕನಿಗೆ ಹನ್ನೆರಡು ವರ್ಷ, ನನಗೆ ಎಂಟು. ಅಕ್ಕ ರೊಟ್ಟಿ ತಟ್ಟುತ್ತಿದ್ದಳು, ನೀರು ತರುತ್ತಿದ್ದಳು, ಹೀಗಾಗಿ ಅಕ್ಕ ಉಳಿದಳು. ನಾನು ಯಾವ ಕೆಲಸಕ್ಕೂ ಬಾರದವಳು, ಹೀಗಾಗಿ ನಾನು ಬಂದೆ. ನನ್ನ ಓದಿನ ಕಥೆ ಶುರುವಾದದ್ದು ಹೀಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂಥ ಭಾಷಣಗಳಲ್ಲಿ ಇದು ಕೊನೆಗೂ ಬರುವುದೇ ಇಲ್ಲ.

ನಾವು ಬಂದು ಇಳಿದದ್ದು ಜೆ.ಪಿ. ನಗರದ ಆಚೆ, ಕನಕಪುರ ರಸ್ತೆಯ ಕಡೆ. ಇಲ್ಲಿ ಕುಳಿತಿರುವ ಊರಿನ ಹಿರಿಯರಿಗೆ ಆಗಿನ ದಿನಗಳು ಗೊತ್ತು. ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿ ಇವೆಲ್ಲ ಒಂದು ಕಾಲಕ್ಕೆ ಕೆರೆ ಗದ್ದೆಗಳಿದ್ದ ಊರುಗಳು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಾಗಿನಿಂದ ಪಟ್ಟಣ ದಕ್ಷಿಣಕ್ಕೆ ಬರುತ್ತಲೇ ಇದೆ. ಮೊದಲು ಬಡಾವಣೆ, ಆಮೇಲೆ ಅಪಾರ್ಟ್‌ಮೆಂಟು. ನಾವು ಬಂದದ್ದು ಅಪಾರ್ಟ್‌ಮೆಂಟಿನ ಕಾಲಕ್ಕೆ. ಜೆ.ಪಿ. ನಗರದಲ್ಲಿ ರಂಗಶಂಕರ ಶುರುವಾದದ್ದು 2004ರಲ್ಲಿ. ಅದೇ ವರ್ಷ ಅಲ್ಲಿಂದ ಸ್ವಲ್ಪ ದೂರದಲ್ಲಿ ನಮ್ಮವ್ವ ನಾಲ್ಕನೇ ಮಹಡಿಗೆ ಕಾಂಕ್ರೀಟು ಹೊರುತ್ತಿದ್ದಳು. ನಾಟಕದ ಮನೆ ಅಷ್ಟು ಹತ್ತಿರ ಇದೆ ಅಂತ ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ.

ವಾಸ ತಗಡಿನ ಶೆಡ್ಡಿನಲ್ಲಿ. ಬೇಸಿಗೆಯಲ್ಲಿ ಒಳಗಿರಲು ಆಗದು, ಮಳೆಗಾಲದಲ್ಲಿ ಸದ್ದಿಗೆ ಮಾತು ಕೇಳದು. ಅವ್ವ ನಾಲ್ಕು ಗಂಟೆಗೆ ಎದ್ದು ರೊಟ್ಟಿ ಬಡಿಯುತ್ತಿದ್ದಳು. ಜೋಳ ಮುಗಿದ ಮೇಲೆ ಇಲ್ಲಿನ ಅಂಗಡಿಯಲ್ಲಿ ಜೋಳ ಕೇಳಿದರೆ ಅಕ್ಕಿಗಿಂತ ತುಟ್ಟಿ. ಮುದ್ದೆ ಕಲಿತಳು. ಕಲಿತಳು ಅಂದರೆ ಮಾಡಲು ಕಲಿತಳು, ನುಂಗಲು ಕೊನೆವರೆಗೂ ಬರಲಿಲ್ಲ, ಅಗಿಯುತ್ತಿದ್ದಳು. ಎಂಟು ಗಂಟೆಗೆ ತಲೆಗೆ ಸಿಂಬಿ ಇಟ್ಟುಕೊಂಡರೆ ಬಾಂಡ್ಲಿ ಇಳಿಯುತ್ತಿದ್ದದ್ದು ಸಂಜೆ ಆರಕ್ಕೆ. ಮೋಲ್ಡ್ ಹಾಕುವ ದಿನ ಮಾತ್ರ ಹೊತ್ತು ಗೊತ್ತು ಇರಲಿಲ್ಲ. ಕಾಂಕ್ರೀಟು ಕಲೆಸಿದ ಮೇಲೆ ನಿಲ್ಲಿಸುವ ಹಾಗಿಲ್ಲ, ರಾತ್ರಿ ಒಂಬತ್ತಾದರೂ ಸಾಲಿನಲ್ಲಿ ನಿಂತು ಬಾಂಡ್ಲಿ ದಾಟಿಸಬೇಕು. ಆ ದಿನ ಒಂದೂವರೆ ಹಾಜರಿ. ಆಗ ಗಂಡಾಳಿಗೆ 120 ರೂಪಾಯಿ, ಹೆಣ್ಣಾಳಿಗೆ 80. ಸಮಾನ ಕೆಲಸಕ್ಕೆ ಸಮಾನ ವೇತನ ಕೊಡಬೇಕು ಅನ್ನುವ ಕಾಯ್ದೆ 1976ರಲ್ಲೇ ಬಂದಿತ್ತು ಅನ್ನುವುದನ್ನು ನಾನು ಡಿ.ಎಡ್. ಓದುವಾಗ ತಿಳಿದು, ಅವ್ವನಿಗೆ ಹೇಳಿದೆ. "ಬಂದಿದ್ರ ಬರ್ಲಿ ಬಿಡು, ನಮ್ ಸೈಟಿಗೆ ಬಂದಿಲ್ಲ" ಅಂದಳು.

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಲೆಕ್ಕ ಬರುತ್ತಿತ್ತು. ಶೆಡ್ಡಿನ ತಗಡಿನ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದಳು. ಪೂರ್ತಿ ಗೆರೆ ಒಂದು ಹಾಜರಿ, ಗಿಡ್ಡ ಗೆರೆ ಅರ್ಧ. ಕಟ್ಟಡ ಮುಗಿದು ಶೆಡ್ಡು ಬಿಚ್ಚಿ ಬೇರೆ ಕಡೆ ಕಟ್ಟಿದಾಗ ತಗಡುಗಳು ಹಿಂದುಮುಂದಾದವು, ನಮ್ಮ ಎರಡು ತಿಂಗಳ ಗೆರೆ ಯಾರದೋ ಸೂರಿನ ಮೇಲೆ ಹೋಯಿತು. ಅಂದಿನಿಂದ ಆ ಕೆಲಸ ನನ್ನ ಪಾಲಿಗೆ ಬಂತು. ನನ್ನ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಅವ್ವನ ಹಾಜರಿ, ಅಪ್ಪನ ಹಾಜರಿ ಅಂತ ಎರಡು ಸಾಲು. ಐದನೇ ತರಗತಿಯಲ್ಲಿದ್ದಾಗ ಒಂದು ಶನಿವಾರ ಬಟವಾಡೆ ಹೊತ್ತಿಗೆ ಮೇಸ್ತ್ರಿಯ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಆರು ದಿನದ ವ್ಯತ್ಯಾಸ ಬಂತು. ಅವ್ವ ನೋಟ್‌ಬುಕ್ ಹಿಡಿದುಕೊಂಡು ಹೋಗಿ ಎಲ್ಲರ ಮುಂದೆ ನಿಂತಳು. ಅವನು ನಕ್ಕು, "ನಿನ್ ಮಗಳೇನು ಟೀಚರ್ ಏನಬೇ?" ಅಂದ. ಅವ್ವ, "ಇನ್ನ ಆಗಿಲ್ಲ" ಅಂದಳು. ಆರು ದಿನದಲ್ಲಿ ನಾಲ್ಕು ದಿನದ್ದು ಕೊಟ್ಟ. ಉಳಿದ ಎರಡು ದಿನದ ಕೂಲಿಯನ್ನು ಅವ್ವ ಬಹಳ ವರ್ಷ ನೆನಪಿಟ್ಟುಕೊಂಡಿದ್ದಳು.

ಈಗ ಈ ಶಾಲೆಯ ಮಾತಿಗೆ ಬರುತ್ತೇನೆ.

ಗುಳೆ ಬಂದವರ ವರ್ಷ ಎರಡು ತುಂಡು. ಮುಂಗಾರು ಶುರುವಾಗುವಾಗ ಬಿತ್ತನೆಗೆ ಊರಿಗೆ, ಆಮೇಲೆ ಮತ್ತೆ ಇಲ್ಲಿಗೆ. ಮಕ್ಕಳ ಓದೂ ಹಾಗೆಯೇ. ಇಲ್ಲಿ ಶಾಲೆ ತೆರೆಯುವ ಹೊತ್ತಿಗೆ ನಾವು ಅಲ್ಲಿ, ಅಲ್ಲಿ ಪಾಠ ಹಿಡಿತಕ್ಕೆ ಬರುವ ಹೊತ್ತಿಗೆ ನಾವು ಇಲ್ಲಿ. 2008ರಲ್ಲಿ ನಾನು ಎಂಟನೇ ತರಗತಿಗೆ ಇಲ್ಲಿ ಸೇರಿದೆ. ಒಂದು ವಾರ ಬಂದೆ, ಅಷ್ಟರಲ್ಲಿ ಊರಲ್ಲಿ ಮಳೆಯಾಯಿತು ಅಂತ ಸುದ್ದಿ ಬಂತು, ಹೊರಟೆವು. ಮರಳಿ ಬಂದದ್ದು ಸೆಪ್ಟೆಂಬರಿನಲ್ಲಿ. ಹೆಸರು ಹೊಡೆದುಹಾಕಿರುತ್ತಾರೆ ಅಂದುಕೊಂಡೇ ಅವ್ವ ನನ್ನನ್ನು ಕರೆದುಕೊಂಡು ಬಂದಳು, ಕಾಲಿಗೆ ಬಿದ್ದು ಕೇಳುವುದಕ್ಕೆ ತಯಾರಾಗಿ. ನಮ್ಮ ಕ್ಲಾಸ್ ಟೀಚರ್ ಹಾಜರಿ ಪುಸ್ತಕ ತೆಗೆದು ತೋರಿಸಿದರು. ನನ್ನ ಹೆಸರಿನ ಮುಂದೆ ಉದ್ದಕ್ಕೂ ಗೈರು, ಗೈರು, ಗೈರು. ಹೆಸರು ಮಾತ್ರ ಹಾಗೇ ಇತ್ತು. "ಬರ್ತಾಳೆ ಅಂತ ಗೊತ್ತಿತ್ತಮ್ಮ, ಅದಕ್ಕೇ ತೆಗೀಲಿಲ್ಲ" ಅಂದರು. ಆ ಮೇಡಂ ಇವತ್ತು ಮೊದಲ ಸಾಲಿನಲ್ಲಿ ಕುಳಿತಿದ್ದಾರೆ. ತಮ್ಮ ಹೆಸರು ಹೇಳಬಾರದು ಅಂತ ಬೆಳಿಗ್ಗೆಯೇ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ.

2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಟಿ.ಸಿ. ತಡವಾಯಿತು ಅಂತ ಮಗುವನ್ನು ಹೊರಗೆ ನಿಲ್ಲಿಸುವ ಹಾಗಿಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತ ಅದರಲ್ಲಿದೆ. ಅದೂ ಎಂಟನೇ ತರಗತಿವರೆಗೆ. ಕಾಯ್ದೆ ಬರುವ ಎರಡು ವರ್ಷ ಮೊದಲೇ ಈ ಶಾಲೆಯ ಒಬ್ಬ ಟೀಚರ್ ಕೆಂಪು ಶಾಯಿಯ ಪೆನ್ನನ್ನು ಎತ್ತದೆ ಇದ್ದದ್ದರಿಂದ ನಾನು ಇಲ್ಲಿ ನಿಂತು ಮಾತಾಡುತ್ತಿದ್ದೇನೆ. (ಅಂದ ಹಾಗೆ ಶಾಲೆಯ ದಾಖಲೆಯಲ್ಲಿ ನನ್ನ ಜನ್ಮದಿನ ಜೂನ್ 1. ಇಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಜೂನ್ 1ಕ್ಕೆ ಹುಟ್ಟಿದವರು ಕೈ ಎತ್ತಿ ಅಂದರೆ ಅರ್ಧ ಸಭೆ ಎತ್ತುತ್ತದೆ.)

ಅವತ್ತು ಶೆಡ್ಡಿಗೆ ವಾಪಸು ನಡೆದು ಹೋಗುವಾಗ ಅವ್ವ ಒಂದು ಮಾತೂ ಆಡಲಿಲ್ಲ. ರಾತ್ರಿ ಅಪ್ಪನಿಗೆ ಹೇಳಿದಳು: "ಇನ್ನ ಬಿತ್ತಾಕ ನಾ ಬರಂಗಿಲ್ಲ. ಹೊಲ ಪಾಲಿಗೆ ಕೊಡು, ಇಲ್ಲಂದ್ರ ನೀ ಒಬ್ಬನ ಹೋಗಿ ಬಾ. ಆ ಟೀಚರವ್ವ ಹೆಸರು ತೆಗದಿಲ್ಲ. ನಾವ ತೆಗದ್ರ ಹೆಂಗ?"

ಅಂದಿನಿಂದ ನನ್ನ ಹತ್ತನೇ ತರಗತಿ ಮುಗಿಯುವವರೆಗೆ ಅವ್ವ ಊರಿಗೆ ಹೋದದ್ದು ಎರಡೇ ಸಲ, ಅಕ್ಕನ ಮದುವೆಗೆ ಐದು ದಿನ, ಅಜ್ಜ ತೀರಿಕೊಂಡಾಗ ಮೂರು ದಿನ.

ಹಿಂದಿನ ಬೆಂಚಿನವರು ನನ್ನ ಮಾತನ್ನು ಆಡಿಕೊಳ್ಳುತ್ತಿದ್ದರು. "ಹೊಂಟೀನ್ರಿ" ಅಂದರೆ ನಗು, "ಹೌದ್ರಿ" ಅಂದರೆ ನಗು. ಅವರಲ್ಲಿ ಇಬ್ಬರು ಇಲ್ಲೇ ಇದ್ದಾರೆ, ಈಗ ನನಗೆ ಒಳ್ಳೆಯ ಸ್ನೇಹಿತರು, ಆ ಲೆಕ್ಕ ಚುಕ್ತಾ ಆಗಿದೆ. ಆದರೆ ಆಗ ಮಾತ್ರ ಪೋಷಕರ ಸಭೆ ಅಂದರೆ ನನಗೆ ಜ್ವರ ಬರುತ್ತಿತ್ತು. ಒಂಬತ್ತನೇ ತರಗತಿಯಲ್ಲಿ ಸಭೆಯ ವಿಷಯ ಅವ್ವನಿಗೆ ಹೇಳಲೇ ಇಲ್ಲ. ಪಕ್ಕದ ಶೆಡ್ಡಿನವರಿಂದ ತಿಳಿದು, ಅರ್ಧ ಹಾಜರಿ ಬಿಟ್ಟು, ಸಿಮೆಂಟಿನ ಸೀರೆಯಲ್ಲೇ ಬಂದಳು. ಬೇರೆ ತಾಯಂದಿರೆಲ್ಲ ಗಣಿತದಲ್ಲಿ ಎಷ್ಟು, ಇಂಗ್ಲಿಷಿನಲ್ಲಿ ಎಷ್ಟು ಅಂತ ಕೇಳುತ್ತಿದ್ದರು. ಅವ್ವ ಕೇಳಿದ್ದು, "ನಮ್ ಹುಡುಗೀದು ಎಷ್ಟು ಹಾಜರಿ ಆಗ್ಯಾವ್ರಿ?" ಇಡೀ ಕೋಣೆ ನಕ್ಕಿತು. ನಾನು ತಲೆ ತಗ್ಗಿಸಿದೆ. ಮೇಡಂ ನಗಲಿಲ್ಲ. ಪುಸ್ತಕ ತೆಗೆದು, ತಿಂಗಳು ತಿಂಗಳಾಗಿ ಎಣಿಸಿ ಹೇಳಿದರು. ಎಸ್ಸೆಸ್ಸೆಲ್ಸಿಗೆ ಕೂರಬೇಕಾದರೆ ನೂರಕ್ಕೆ ಎಪ್ಪತ್ತೈದು ಹಾಜರಿ ಬೇಕಮ್ಮ, ನೀವು ಕೇಳಿದ್ದೇ ಸರಿ ಅಂದರು.

ಅವ್ವನಿಗೆ ಇಲ್ಲಿ ಹೋಗಿ ಕೂರುವ ಜಾಗ ಅಂತ ಇದ್ದದ್ದು ಒಂದೇ, ಬನಶಂಕರಿ ದೇವಸ್ಥಾನ. ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವುದು ನಮ್ಮ ಕಡೆ ಇಲ್ಲ, ಅದನ್ನು ಕಂಡು ಮೊದಲ ಸಲ ಆಶ್ಚರ್ಯಪಟ್ಟಿದ್ದಳು. ಅಲ್ಲಿ ಯಾರೋ, ಈ ಗುಡಿ 1915ರಲ್ಲಿ ಕಟ್ಟಿದ್ದು, ದೇವಿಯನ್ನು ಬಾದಾಮಿಯಿಂದ ತಂದದ್ದು ಅಂತ ಹೇಳಿದರಂತೆ. ಮನೆಗೆ ಬಂದು ನಗುತ್ತ, "ಬಾದಾಮಿ ಬನಶಂಕ್ರಿನೂ ಗುಳೆ ಬಂದಾಳ ನೋಡು. ಆಕಿಗರೆ ಕಲ್ಲಿನ ಗುಡಿ ಕಟ್ಟಿಕೊಟ್ಟಾರ" ಅಂದಳು.

2011. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೂರು ವಾರ ಇರುವಾಗ ಅಕ್ಕನಿಗೆ ಹೆರಿಗೆಯ ದಿನ ಹತ್ತಿರ ಬಂತು. ಚೊಚ್ಚಿಲ ಹೆರಿಗೆ. ತವರಿಗೆ ಕರೆತಂದು ಬಾಣಂತನ ಮಾಡುವುದು ತಾಯಿಯ ಕೆಲಸ. ತವರೆಂದರೆ ಊರಲ್ಲಿ ಮುದಿ ಅಜ್ಜಿ ಒಬ್ಬಳೇ ಇದ್ದ ಮನೆ, ಇಲ್ಲಿ ತಗಡಿನ ಶೆಡ್ಡು. ಅಪ್ಪ ಅದಾಗಲೇ ಊರಿಗೆ ಹೋಗಿದ್ದರು. ಅವ್ವ ಹೋದರೆ ಹದಿನೈದು ವರ್ಷದ ಹುಡುಗಿ ಆ ಶೆಡ್ಡಿನಲ್ಲಿ ಒಬ್ಬಳೇ ಇರಬೇಕು. ನನ್ನನ್ನೂ ಕರೆದುಕೊಂಡು ಹೋದರೆ ಪರೀಕ್ಷೆ ಹೋಯಿತು. ಅವ್ವ ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಮೇಸ್ತ್ರಿಯ ಫೋನಿನಿಂದ ಊರಿಗೆ ಮಾತಾಡಿದಳು. ಬೆಲ್ಲ, ಕೊಬ್ಬರಿ, ಅಂಟು ಕೊಂಡು ಊರಿಗೆ ಹೊರಟವರ ಕೈಯಲ್ಲಿ ಕಳಿಸಿದಳು. ಹೋಗಲಿಲ್ಲ. ಕಣ್ಣು ಮಂಜಾದ ಅಜ್ಜಿ ಬಾಣಂತನ ಮಾಡಿದಳು. ಅವ್ವ ಮೊದಲ ಮೊಮ್ಮಗಳ ಮುಖ ನೋಡಿದ್ದು ಎರಡು ತಿಂಗಳ ನಂತರ, ನನ್ನ ಫಲಿತಾಂಶ ಬಂದ ಮೇಲೆ.

ಪಾಸಾಗಿದ್ದೆ. ಶೆಡ್ಡಿನವರೆಲ್ಲ ಸಕ್ಕರೆ ಹಂಚಿದರು. ನಾನು ಬಹಳ ವರ್ಷ ಇದನ್ನು ಅವ್ವ ನನಗಾಗಿ ಮಾಡಿದ ತ್ಯಾಗ ಅಂತಲೇ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಒಂದು ಸಲ ಊರಲ್ಲಿ ಅಕ್ಕನ ಎದುರೇ ಹೇಳಿದೆ. ಅಕ್ಕ ಕಾಳು ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು, "ನಿನ್ನ ಪರೀಕ್ಷಾ ಇತ್ತು, ನನ್ನ ಬಾಣಂತನ ಇತ್ತು. ಅವ್ವಗ ಇದ್ದದ್ದು ಒಂದ ಮೈ" ಅಂದಳು. ಸಿಟ್ಟಿನಿಂದ ಹೇಳಲಿಲ್ಲ. ಮತ್ತೆ ಮೊರ ಎತ್ತಿಕೊಂಡಳು. ಅವ್ವ ಕೊಟ್ಟದ್ದರಲ್ಲಿ ಒಂದು ಪಾಲು ಅಕ್ಕನದಾಗಿತ್ತು, ಅವಳನ್ನು ಕೇಳದೆಯೇ ತೆಗೆದುಕೊಟ್ಟದ್ದು. ಇದು ಅವ್ವನಿಗೆ ಗೊತ್ತಿತ್ತು ಅಂತ ನನ್ನ ನಂಬಿಕೆ. ಅದಕ್ಕೇ ಅವಳು ಆ ದೊಡ್ಡ ಪದ ಬಳಸುತ್ತಿರಲಿಲ್ಲ.

ಪಿ.ಯು.ಸಿ.ಯಲ್ಲಿದ್ದಾಗ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದರೆ ಮಕ್ಕಳ ಓದಿಗೆ ಸಹಾಯಧನ ಸಿಗುತ್ತದೆ ಅಂತ ತಿಳಿಯಿತು. ಕೇಂದ್ರದ ಕಾಯ್ದೆ 1996ರದ್ದು, ನಮ್ಮ ರಾಜ್ಯದಲ್ಲಿ ಮಂಡಳಿ ಬಂದದ್ದು 2007ರಲ್ಲಿ. ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದರಂತೆ ಸೆಸ್ ಹಾಕಿ ಆ ಹಣವನ್ನು ಕಾರ್ಮಿಕರಿಗೆ ಬಳಸಬೇಕು. ನೋಂದಣಿಗೆ ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ ದಾಖಲೆ ಬೇಕು. ಅವ್ವ ಖುಷಿಯಿಂದ ನನ್ನ ಹಳೆಯ ಗಣಿತದ ನೋಟ್‌ಬುಕ್ಕುಗಳನ್ನೆಲ್ಲ ಟ್ರಂಕಿನಿಂದ ತೆಗೆದಳು. 90 ಏನು, ಎಂಟು ವರ್ಷದ ಲೆಕ್ಕ ಇತ್ತು. ಅದು ನಡೆಯುವುದಿಲ್ಲ, ಕೆಲಸ ಕೊಟ್ಟವರ ಸಹಿ ಬೇಕು ಅಂತ ಹೇಳಿದಾಗ ಅವಳ ಮುಖ ನೋಡಲು ಆಗಲಿಲ್ಲ. ಮೇಸ್ತ್ರಿ ಸಹಿ ಮಾಡಲು ಹೆದರಿದ, ಗುತ್ತಿಗೆದಾರ ಈ ಹೆಂಗಸು ಯಾರೋ ಗೊತ್ತಿಲ್ಲ ಅಂದ. ಕೊನೆಗೆ ಒಂದು ಕಾರ್ಮಿಕ ಸಂಘದವರು ಸೈಟಿಗೆ ಬಂದು, ವಿಚಾರಿಸಿ, ಪತ್ರ ಕೊಟ್ಟರು. ಕಾರ್ಡು ಬಂತು. ಅದರ ಮೇಲಿನ ಫೋಟೋದಲ್ಲಿ ಅವ್ವ ಬೆದರಿದ ಹಾಗೆ ಕಾಣುತ್ತಾಳೆ. ಅವಳ ಹೆಸರು ಅಚ್ಚಾದ ಮೊದಲ ಕೆಲಸದ ಕಾಗದ ಅದು. ಇಲ್ಲಿ ಪೋಷಕರಾಗಿ ಬಂದಿರುವವರಲ್ಲಿ ಕಟ್ಟಡದ ಕೆಲಸದವರು ಇದ್ದರೆ ದಯವಿಟ್ಟು ಈ ಕಾರ್ಡು ಮಾಡಿಸಿಕೊಳ್ಳಿ, ಸಮಾರಂಭ ಮುಗಿದ ಮೇಲೆ ನನ್ನನ್ನು ಕೇಳಿ, ಅರ್ಜಿ ತುಂಬಲು ನಾನಿದ್ದೇನೆ.

2017ರ ಜೂನ್‌ನಲ್ಲಿ ಯಲಚೇನಹಳ್ಳಿವರೆಗೆ ಮೆಟ್ರೋ ಬಂದಾಗ ಅವ್ವನನ್ನು ಕೂರಿಸಿಕೊಂಡು ಹೋದೆ. ಮೇಲಿನಿಂದ ಕಟ್ಟಡಗಳು ಕಾಣುತ್ತಿದ್ದವು. ಕಿಟಕಿಗೆ ಹಣೆ ಹಚ್ಚಿ, "ಇದರಾಗ ನನ್ನ ಹಾಜರಿ ಅದ, ಅದರಾಗೂ ಅದ" ಅಂತ ಬೆರಳು ತೋರಿಸುತ್ತಿದ್ದಳು. ಪಕ್ಕದಲ್ಲಿ ಕುಳಿತ ಹೆಂಗಸು ನನ್ನ ಮುಖ ನೋಡಿದರು. ಈ ಸಲ ನಾನು ತಲೆ ತಗ್ಗಿಸಲಿಲ್ಲ.

2020ರ ಲಾಕ್‌ಡೌನಿನಲ್ಲಿ ಕೆಲಸ ನಿಂತಿತು. ಮೇ ಮೊದಲ ವಾರದಲ್ಲಿ ಸರ್ಕಾರ ಕಾರ್ಮಿಕರಿಗೆ ಉಚಿತ ಬಸ್ಸು ಬಿಟ್ಟಾಗ ಅವ್ವ ಮೆಜೆಸ್ಟಿಕ್‌ನಿಂದ ಊರಿಗೆ ಹೊರಟಳು. ಬರುವಾಗ ತಂದಿದ್ದ ಅದೇ ಹಂಚು ಚೀಲದಲ್ಲಿತ್ತು. ಮತ್ತೆ ಬರಲಿಲ್ಲ. 2022ರಲ್ಲಿ ತೀರಿಕೊಂಡಳು. ಕೊನೆಯ ಆರು ತಿಂಗಳು ಹಾಸಿಗೆ ಹಿಡಿದಾಗ ಮೀಸಿದವಳು, ಉಣಿಸಿದವಳು ಅಕ್ಕ. ನಾನು ತಲುಪುವಾಗ ಎಲ್ಲ ಮುಗಿದಿತ್ತು. ದಿನಗಳು ಕಳೆದು ನಾನು ಹೊರಟು ನಿಂತಾಗ ಅಕ್ಕ ತನ್ನ ಮಗಳನ್ನು, ನನ್ನ ಪರೀಕ್ಷೆಯ ಹೊತ್ತಿಗೆ ಹುಟ್ಟಿದ ಆ ಹುಡುಗಿಯನ್ನು, ಮುಂದೆ ನಿಲ್ಲಿಸಿ, "ಇಕೀನ ಕರ್ಕೊಂಡು ಹೋಗು. ಬ್ಯಾಡ ಅನಬ್ಯಾಡ" ಅಂದಳು. ಬೇಡ ಅನ್ನಲು ನನಗೆ ಬಾಯಿ ಎಲ್ಲಿತ್ತು? ಈಗ ಅವಳು ಇದೇ ಶಾಲೆಯಲ್ಲಿ ಓದುತ್ತಿದ್ದಾಳೆ. ಟಿ.ಸಿ. ಸಮೇತ ಸೇರಿಸಿದ್ದೇನೆ.

ನಾನು ಇವತ್ತು ಆನೇಕಲ್ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಗೌರವಧನ ತಡವಾಗಿ ಬರುತ್ತದೆ, ನನ್ನದೂ ಒಂದು ರೀತಿ ಹಾಜರಿ ಲೆಕ್ಕವೇ. ನಮ್ಮ ಶಾಲೆಗೂ ಶೆಡ್ಡುಗಳಿಂದ ಮಕ್ಕಳು ಬರುತ್ತಾರೆ. ಯಾದಗಿರಿ, ಕೊಪ್ಪಳ, ಆಂಧ್ರ, ಬಿಹಾರ. ನವೆಂಬರಿನಲ್ಲಿ ಬಂದು ಮೇನಲ್ಲಿ ಕಾಣೆಯಾಗುತ್ತಾರೆ. ಹೆಸರು ತೆಗೆಯಲು ನನಗೂ ಕೈ ಬರುವುದಿಲ್ಲ.

ಕೊನೆಯದಾಗಿ ಸಮಿತಿಯವರಲ್ಲಿ ಒಂದು ಕೋರಿಕೆ. ಸ್ಮರಣ ಸಂಚಿಕೆಯ ಹಿಂದೆ ಐವತ್ತು ವರ್ಷಗಳ ಹಳೆಯ ವಿದ್ಯಾರ್ಥಿಗಳ ಪಟ್ಟಿ ಹಾಕುತ್ತಿದ್ದೀರಿ ಅಂತ ಕೇಳಿದೆ. ಅದು ಎಸ್ಸೆಸ್ಸೆಲ್ಸಿ ಪಾಸಾದವರ ಪಟ್ಟಿ. ಎಂಟನೇ ತರಗತಿಯಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದ, ನಮ್ಮ ಪಕ್ಕದ ಶೆಡ್ಡಿನ ಹುಡುಗಿಯ ಹೆಸರು ಅದರಲ್ಲಿ ಇರುವುದಿಲ್ಲ. ದಸರಾ ರಜೆ ಮುಗಿದು ನಾವು ಬಂದೆವು, ಅವಳು ಬರಲಿಲ್ಲ. ಅವರ ಕೆಲಸ ಸರ್ಜಾಪುರದ ಕಡೆ ಹೋಯಿತು ಅಂದರು. ನನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಿದ್ದಳು. ಅಂಥವರು ಪ್ರತಿ ವರ್ಷವೂ ಇದ್ದರು. ಅವರೂ ಈ ಶಾಲೆಯಲ್ಲಿ ಕೂತವರು, ಬಿಸಿಯೂಟ ಉಂಡವರು, ಹೆಸರು ಕರೆದಾಗ ಹಾಜರಿ ಹೇಳಿದವರು. ಅವರ ಹೆಸರುಗಳನ್ನೂ ಸೇರಿಸಬೇಕು ಅಂತ ಕೇಳಿಕೊಳ್ಳುತ್ತೇನೆ. ಹಳೆಯ ಹಾಜರಿ ಪುಸ್ತಕಗಳು ಆಫೀಸ್ ರೂಮಿನ ಕಬ್ಬಿಣದ ಬೀರುವಿನಲ್ಲಿವೆ, ಕೆಲವಕ್ಕೆ ಗೆದ್ದಲು ಹಿಡಿದಿದೆ ಅಂತ ಮುಖ್ಯೋಪಾಧ್ಯಾಯರು ಹೇಳಿದರು. ಬರುವ ಭಾನುವಾರದಿಂದ ಹತ್ತು ಗಂಟೆಗೆ ನಾನು ಬರುತ್ತೇನೆ, ನನ್ನ ಅಕ್ಕನ ಮಗಳು ಬರೆದುಕೊಳ್ಳಲು ಕೂರುತ್ತಾಳೆ. ಇನ್ನಿಬ್ಬರು ಮೂವರು ಜೊತೆಗೆ ಬಂದರೆ ಮುದ್ರಣಕ್ಕೆ ಹೋಗುವ ಮೊದಲು ಮುಗಿಸಬಹುದು.